ಕೇರಳದ ಜೀಪು ಮತ್ತು ಎಂಜಿನು ಬದಲಾವಣೆ: ಒಂದು ಚಾರಿತ್ರಿಕ ವಿವೇಚನೆ

೧

ಹಳೆಯ ವಸ್ತುವೊಂದನ್ನು ಅದರ ಮೂಲಸ್ಥಿತಿಗೆ ತರುವುದೆಂದರೇನು ಎಂಬ ಪ್ರಶ್ನೆ ದೇವಾಲಯಗಳ ವಿಷಯದಲ್ಲಿಯೂ ಓಲೆಗರಿಗಳ ವಿಷಯದಲ್ಲಿಯೂ ಬಹುಕಾಲದಿಂದ ಚರ್ಚಿತವಾಗಿರುವುದಷ್ಟೆ. ಗರ್ಭಗೃಹ ಒಂದು ಕಾಲದ್ದು, ನವರಂಗ ಮತ್ತೊಂದು ಕಾಲದ್ದು, ಗೋಪುರ ಇನ್ನೂ ಈಚಿನದು. ಆದರೂ ಊರ ಜನ ಆ ಗುಡಿಯನ್ನು ಒಂದೇ ಗುಡಿಯೆಂದು ಕೈಮುಗಿಯುತ್ತಾರೆ. ಇಂಥ ಕಡೆ ಜೀರ್ಣೋದ್ಧಾರ ಮಾಡುವವನು ಯಾವ ಕಾಲವನ್ನು ಮೂಲವೆಂದು ಹಿಡಿಯಬೇಕು? ಈ ಪ್ರಶ್ನೆ ಈಗ ಯಂತ್ರಗಳ ವಿಷಯದಲ್ಲಿಯೂ ತಲೆದೋರಿದೆ. ಕೇವಲ ಪಂಡಿತರ ಕುತೂಹಲವಾಗಿ ಉಳಿಯದೆ, ಕಾಯಿದೆಯ ಮಾತಾಗಿಯೂ ದಂಡದ ಮಾತಾಗಿಯೂ ಅದು ಪರಿಣಮಿಸಿದೆ.

೨೦೨೧ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿಯನ್ನು ಹೊರಡಿಸಿತು. ಮೊದಲ ನೋಂದಣಿಯಿಂದ ೫೦ ವರ್ಷಗಳಿಗೂ ಮೇಲ್ಪಟ್ಟ, ಖಾಸಗಿ ಉಪಯೋಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆಯೂ, ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಸಂಖ್ಯೆಯೂ ದೊರೆಯತಕ್ಕದ್ದೆಂದು ಅದರಲ್ಲಿ ವಿಧಿಸಲಾಯಿತು. ಆದರೆ ವಾಹನವು ಮೂಲರೂಪದಲ್ಲಿಯೇ ಉಳಿದಿರಬೇಕು. ಚಾಸಿ, ಮೈಕಟ್ಟು, ಎಂಜಿನು ಇವುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಈ ನಿಬಂಧನೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಅರಮನೆಯ ಗ್ಯಾರೇಜಿನಲ್ಲಿ ನೆರಳು ಕಂಡು ಬಾಳಿದ ಕಾರುಗಳಿಗೆ ಇದು ಒಪ್ಪುವ ಮಾತೂ ಹೌದು. ಆದರೆ ತೋಟದ ದಾರಿಯಲ್ಲಿ, ಗದ್ದೆಯ ಬದುವಿನಲ್ಲಿ, ಮಳೆಯ ಕೆಸರಿನಲ್ಲಿ ದುಡಿದು ಹಣ್ಣಾದ ವಾಹನವೊಂದುಂಟು: ಅದೇ ಜೀಪು. ಹುಟ್ಟಿದಾಗ ಇದ್ದ ಎಂಜಿನು ಇಂದಿಗೂ ಒಡಲಲ್ಲಿ ಉಳಿದಿರುವ ಹಳೆಯ ಜೀಪು ಪಶ್ಚಿಮ ಕರಾವಳಿಯಲ್ಲಿ ವಿರಳ. ಈ ಬದಲಾವಣೆ ಹೇಗೆ, ಯಾವ ಕಾರಣಗಳಿಂದ ನಡೆಯಿತು, ಅದಕ್ಕೆ ಚರಿತ್ರೆಯಲ್ಲಿ ಯಾವ ಸ್ಥಾನ ಸಲ್ಲಬೇಕು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಜೀಪಿನ ಜನ್ಮಕಥೆ ಸುವಿದಿತವಾದುದು. ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಒಂದು ವಾಹನ ಬೇಕಾಯಿತು. ೧೯೪೦ರಲ್ಲಿ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ಅನಂತರ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳು ತಮ್ಮ ತಮ್ಮ ಮಾದರಿಗಳನ್ನು ಮುಂದಿಟ್ಟವು. ಕಡೆಗೆ ವಿಲ್ಲಿಸ್ ಕಂಪೆನಿಯ ವಿನ್ಯಾಸವೇ ಆಧಾರವಾಗಿ ನಿಂತಿತು. ಅದಕ್ಕೆ ಮುಖ್ಯ ಕಾರಣ ಅದರ ಎಂಜಿನು. ಡೆಲ್ಮಾರ್ ರೂಸ್ ಎಂಬ ಎಂಜಿನಿಯರನು ತಿದ್ದಿ ಬಲಪಡಿಸಿದ ಆ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನಿನ ಗಾತ್ರ ೧೩೪ ಘನ ಅಂಗುಲ, ಎಂದರೆ ಸುಮಾರು ೨,೨೦೦ ಘನ ಸೆಂಟಿಮೀಟರು. ಅದರ ಶಕ್ತಿ ೬೦ ಅಶ್ವಬಲ. ಯುದ್ಧ ಮುಗಿಯುವ ವೇಳೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಮೀರಿ ಜೀಪುಗಳು ಹೊರಬಿದ್ದಿದ್ದವು. ಎಂಜಿನಿನ ಗುಣದಿಂದಲೇ ಗೆದ್ದ ವಾಹನ ಮುಂದೆ ಭಾರತದಲ್ಲಿ ಆ ಎಂಜಿನನ್ನೇ ಕಳೆದುಕೊಂಡು ಬದುಕಬೇಕಾಗಿ ಬಂದುದು ಚರಿತ್ರೆಯ ವಿನೋದಗಳಲ್ಲೊಂದು.

‘ಜೀಪು’ ಎಂಬ ಮಾತಿನ ವ್ಯುತ್ಪತ್ತಿಯ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ‘ಜಿ’ ‘ಪಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ನುಡಿದುದರಿಂದ ಬಂದಿತೆಂದು ಕೆಲವರು ಹೇಳುತ್ತಾರೆ. ೧೯೩೬ರಲ್ಲಿ ಪಾಪಾಯ್ ಚಿತ್ರಕಥೆಯಲ್ಲಿ ಕಾಣಿಸಿಕೊಂಡ, ಎಲ್ಲಿ ಬೇಕಾದರೂ ಹೋಗಬಲ್ಲ ಜೀಪ್ ಎಂಬ ವಿಚಿತ್ರ ಪ್ರಾಣಿಯಿಂದ ಬಂದಿತೆಂದು ಮತ್ತೆ ಕೆಲವರು ಹೇಳುತ್ತಾರೆ. ಕನ್ನಡವು ಈ ಪದವನ್ನು ಬಸ್ಸು, ಕಾರುಗಳ ಸಾಲಿಗೆ ಸೇರಿಸಿ ಕೊನೆಯಲ್ಲಿ ಪೂರ್ಣ ಉಕಾರವನ್ನಿಟ್ಟುಕೊಂಡಿತು. ಮಲೆಯಾಳವು ಪಕಾರವನ್ನು ದ್ವಿತ್ವಗೊಳಿಸಿ, ತನ್ನ ಪದ್ಧತಿಯಂತೆ ಸಂವೃತ ಉಕಾರದಿಂದ ಮುಗಿಸಿತು. ಕಾಸರಗೋಡಿನ ಸಂತೆಯಲ್ಲಿ ಈ ಎರಡು ಉಚ್ಚಾರಣೆಗಳನ್ನೂ ಒಂದೇ ವಾಹನಕ್ಕೆ ಕೇಳಬಹುದು.

೩

ಪರದೇಶದ ಚಾಸಿಗೆ ಬೇರೊಬ್ಬರ ಎಂಜಿನನ್ನು ಕೂಡಿಸಿ, ಅದರ ಮೇಲೆ ಊರಿನ ಕೈಗಳಿಂದ ಮೈಕಟ್ಟನ್ನು ಕಟ್ಟುವ ಪದ್ಧತಿ ಕೇರಳಕ್ಕೆ ಜೀಪಿನೊಡನೆ ಬಂದದ್ದಲ್ಲ. ಅದಕ್ಕೆ ಮುಂಚೆಯೇ ತಿರುವನಂತಪುರದಲ್ಲಿ ಅದು ಸರ್ಕಾರದ ಆಶ್ರಯದಲ್ಲಿಯೇ ನಡೆದಿತ್ತು. ತಿರುವಾಂಕೂರು ಸಂಸ್ಥಾನವು ೧೯೩೭ರಲ್ಲಿ ಸಾರಿಗೆ ಇಲಾಖೆಯೊಂದನ್ನು ಏರ್ಪಡಿಸಿ, ಲಂಡನ್ನಿನ ಸಾರಿಗೆ ಮಂಡಲಿಯಲ್ಲಿ ಕೆಲಸ ಮಾಡಿದ್ದ ಇ. ಜಿ. ಸಾಲ್ಟರ್ ಎಂಬುವನನ್ನು ಅದರ ಮೇಲಧಿಕಾರಿಯಾಗಿ ನೇಮಿಸಿತು. ಇಂಗ್ಲೆಂಡಿನ ಕಾಮರ್ ಕಂಪೆನಿಯಿಂದ ೬೦ ಚಾಸಿಗಳನ್ನು ತರಿಸಲಾಯಿತು. ಅವುಗಳಿಗೆ ಅಳವಟ್ಟಿದ್ದ ಡೀಸೆಲ್ ಎಂಜಿನುಗಳು ಪರ್ಕಿನ್ಸ್ ಕಂಪೆನಿಯವು. ಬಸ್ಸುಗಳ ಮೈಕಟ್ಟನ್ನು ಸಾಲ್ಟರನ ಮೇಲ್ವಿಚಾರಣೆಯಲ್ಲಿ ಇಲಾಖೆಯ ಕೆಲಸಗಾರರೇ ಚಾಕ್ಕದ ಕಾರ್ಯಾಗಾರದಲ್ಲಿ ಕಟ್ಟಿದರು. ೧೯೩೮ರ ಫೆಬ್ರವರಿ ೨೦ರಂದು ಶ್ರೀ ಚಿತ್ತಿರ ತಿರುನಾಳ್ ಮಹಾರಾಜರು ಈ ಸೇವೆಯನ್ನು ಉದ್ಘಾಟಿಸಿ, ಪರಿವಾರ ಸಮೇತರಾಗಿ ಮೊದಲ ಬಸ್ಸಿನಲ್ಲಿ ಕವಡಿಯಾರಿನ ವರೆಗೆ ಪ್ರಯಾಣ ಮಾಡಿದರು. ಬಸ್ಸನ್ನು ನಡೆಸಿದವನು ಸಾಲ್ಟರನೇ. ಮುಂದೆ ಈ ಕಾರ್ಯಾಗಾರ ಪಾಪ್ಪನಂಕೋಡಿಗೆ ಹೋಯಿತು. ಇಲಾಖೆಯು ೧೯೬೫ರಲ್ಲಿ ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು.

ಪರ್ಕಿನ್ಸ್ ಕಂಪೆನಿಯ ಹೆಸರನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ೧೯೩೨ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದಲ್ಲಿ ಫ್ರಾಂಕ್ ಪರ್ಕಿನ್ಸ್ ಮತ್ತು ಚಾರ್ಲ್ಸ್ ಚಾಪ್‌ಮನ್ ಎಂಬುವರು ಅದನ್ನು ಸ್ಥಾಪಿಸಿದಾಗ, ಸಣ್ಣ ಗಾಡಿಗಳ ಪೆಟ್ರೋಲ್ ಎಂಜಿನಿನ ಜಾಗದಲ್ಲಿ ಕೂರಬಲ್ಲ, ವೇಗವಾಗಿ ತಿರುಗುವ ಹಗುರ ಡೀಸೆಲ್ ಎಂಜಿನನ್ನು ಮಾಡುವುದೇ ಅವರ ಉದ್ದೇಶವಾಗಿತ್ತು. ತಾನು ಗಾಡಿಯನ್ನು ಮಾಡದೆ, ಇತರರ ಗಾಡಿಗೆ ಎಂಜಿನನ್ನು ಒದಗಿಸುವುದೇ ಆ ಕಂಪೆನಿಯ ಕಸುಬು. ಸ್ವಾತಂತ್ರ್ಯಾನಂತರ ಮದ್ರಾಸಿನ ಸಿಂಪ್ಸನ್ ಕಂಪೆನಿಯು ಪರ್ಕಿನ್ಸ್ ಎಂಜಿನುಗಳನ್ನು ಅನುಮತಿ ಪಡೆದು ಇಲ್ಲಿಯೇ ತಯಾರಿಸತೊಡಗಿದಾಗ, ದಕ್ಷಿಣ ಭಾರತದ ಮೆಕ್ಯಾನಿಕರಿಗೆ ಆ ಎಂಜಿನಿನ ಒಳಹೊರಗು ಪರಿಚಿತವಾಯಿತು. ಆದುದರಿಂದ ಜೀಪಿಗೆ ಅನ್ಯ ಎಂಜಿನನ್ನು ಕೂಡಿಸಿದವರು ಸಂಪ್ರದಾಯವನ್ನು ಮುರಿದವರೆಂದು ಹೇಳಲಾಗದು. ಸಂಸ್ಥಾನದ ಕಾಲದಿಂದ ಬಂದ ಸಂಪ್ರದಾಯವನ್ನು ಅವರು ಮುಂದುವರಿಸಿದರು.

೪

ಕೊಚ್ಚಿಯ ಆಳನೀರಿನ ಬಂದರು ಸರ್ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನ ಶ್ರಮದಿಂದ ಸಿದ್ಧವಾಯಿತು. ೧೯೨೮ರಲ್ಲಿ ‘ಪದ್ಮ’ ಎಂಬ ಹಡಗು ಒಳಬಂದ ಮೇಲೆ ಕಡಲಿನ ದೊಡ್ಡ ಹಡಗುಗಳಿಗೆ ದಾರಿ ತೆರೆಯಿತು. ಹಿನ್ನೀರಿನಿಂದ ತೆಗೆದ ಮಣ್ಣಿನಿಂದಲೇ ವೆಲ್ಲಿಂಗ್ಡನ್ ದ್ವೀಪ ರೂಪುಗೊಂಡಿತು. ಯುದ್ಧಕಾಲದಲ್ಲಿ ಅಲ್ಲಿ ನೌಕಾನೆಲೆ ನೆಲೆಗೊಂಡಿತು. ಯುದ್ಧಾನಂತರ ಸೈನ್ಯಕ್ಕೆ ಬೇಡವಾದ ಜೀಪುಗಳೂ ಲಾರಿಗಳೂ ದೇಶದ ಅನೇಕ ಕಡೆ ಹರಾಜಾದವು. ಹೀಗೆ ಬಂದ ಜೀಪುಗಳು ತೋಟದ ಮಾಲೀಕರ ಕೈಗೂ ಕಂಟ್ರಾಕ್ಟರರ ಕೈಗೂ ಸೇರಿದವು.

ಮುಂದಿನ ಅಧ್ಯಾಯ ಮುಂಬಯಿಯದು. ೧೯೪೫ರಲ್ಲಿ ಕೆ. ಸಿ. ಮಹೀಂದ್ರ, ಜೆ. ಸಿ. ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಂ ಮಹಮ್ಮದ್ ಅವರು ಕೂಡಿ ಸ್ಥಾಪಿಸಿದ ಕಂಪೆನಿ, ದೇಶವಿಭಜನೆಯಾಗಿ ಗುಲಾಂ ಮಹಮ್ಮದರು ಪಾಕಿಸ್ತಾನಕ್ಕೆ ಹೋದ ಮೇಲೆ, ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರನ್ನು ತಾಳಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮಝಗಾಂವ್‌ನಲ್ಲಿ ಜೋಡಿಸುವ ಕೆಲಸವನ್ನು ಅದು ಕೈಗೊಂಡಿತು. ಅನಂತರ ಎತ್ತರದ ಬಾನೆಟ್ಟಿನ ಸಿಜೆ-೩ಬಿ ಮಾದರಿಯನ್ನು ದೇಶದಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ ಈ ಮಾದರಿ ೧೯೫೩ರಲ್ಲಿ ಪ್ರಾರಂಭವಾಗಿ ೧೯೬೮ರಲ್ಲಿ ನಿಂತುಹೋಯಿತು. ಆದರೆ ಜಪಾನಿನ ಮಿತ್ಸುಬಿಷಿ ಕಂಪೆನಿ ಅದೇ ವಂಶದ ಜೀಪುಗಳನ್ನು ೧೯೯೮ರ ವರೆಗೂ ಮಾಡುತ್ತಿತ್ತು. ಭಾರತದಲ್ಲಿಯೂ ಆ ಆಕೃತಿ ತಾಯ್ನಾಡಿಗಿಂತ ದಶಕಗಳ ಕಾಲ ಹೆಚ್ಚು ಬಾಳಿತು. ಒಂದು ಕಾವ್ಯದ ಮೂಲಪ್ರತಿ ನಷ್ಟವಾಗಿ, ದೂರದ ನಾಡಿನ ಪ್ರತಿಗಳಲ್ಲಿ ಅದು ಉಳಿದುಬಂದಂತೆಯೇ ಇದು.

ಕೇರಳದ ಭೂಸ್ವರೂಪಕ್ಕೆ ಜೀಪು ಹೇಳಿಸಿದಂತಿತ್ತು. ಸಮುದ್ರತೀರದಿಂದ ಸಹ್ಯಾದ್ರಿಯ ನೆತ್ತಿಗೆ ಅಂತರ ಸ್ವಲ್ಪ, ಏರು ಬಹಳ. ಸರಾಸರಿ ಮಳೆ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರು. ಇಡುಕ್ಕಿಯ ಏಲಕ್ಕಿ, ಚಹಾ ತೋಟಗಳ ದಾರಿಗಳಲ್ಲಿ ಬಸ್ಸು ನಿಲ್ಲುವೆಡೆಯಿಂದ ಮುಂದೆ ಜೀಪೇ ಬಸ್ಸಾಯಿತು. ಕೆಲಸಗಾರರು, ಶಾಲೆಯ ಮಕ್ಕಳು, ರೋಗಿಗಳು ಅದರಲ್ಲಿಯೇ ಓಡಾಡಿದರು. ಕನ್ನಡನಾಡಿನ ಓದುಗರಿಗೆ ಈ ಚಿತ್ರ ಹೊಸದಲ್ಲ. ಕೊಡಗಿನ ಕಾಫಿತೋಟಗಳಲ್ಲಿ, ಮಾಂದಲಪಟ್ಟಿಯ ಏರಿನಲ್ಲಿ, ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತು ಹತ್ತುವ ಕಲ್ಲುದಾರಿಯಲ್ಲಿ ಇದೇ ವಾಹನ ಇದೇ ಕೆಲಸವನ್ನು ಮಾಡುತ್ತ ಬಂದಿದೆ.

೫

ಎಂಜಿನು ಬದಲಾವಣೆಯ ಮೂಲಕಾರಣ ಹಣದ ಲೆಕ್ಕ. ಪೆಟ್ರೋಲ್ ಜೀಪು ಇಂಧನದ ವಿಷಯದಲ್ಲಿ ಹೊಟ್ಟೆಬಾಕ. ೧೯೭೩ರ ತೈಲ ಸಂಕಟದ ಅನಂತರ ಪೆಟ್ರೋಲಿನ ಬೆಲೆ ಏರಿತು. ಕೃಷಿಗೂ ಸಾರಿಗೆಗೂ ಬೇಕಾದುದೆಂಬ ಕಾರಣದಿಂದ ಡೀಸೆಲಿನ ಬೆಲೆಯನ್ನು ಸರ್ಕಾರ ತಗ್ಗಿಸಿಯೇ ಇಟ್ಟಿತು. ಈ ಎರಡು ಬೆಲೆಗಳ ನಡುವಣ ಅಂತರವೇ ಲೇತುಗಳನ್ನು ತಿರುಗಿಸಿದ ಶಕ್ತಿ ಎನ್ನಬಹುದು. ದಿನಕ್ಕೆ ಹಲವು ಸಲ ಬೆಟ್ಟ ಹತ್ತಿಳಿಯುವ ಬಾಡಿಗೆ ಜೀಪಿನ ಒಡೆಯನಿಗೆ, ಎಂಜಿನಿಗೆ ಹಾಕಿದ ಹಣ ಕೆಲವೇ ವರ್ಷಗಳಲ್ಲಿ ಇಂಧನದ ಉಳಿತಾಯದಿಂದ ಕೈಗೆ ಬರುತ್ತಿತ್ತು. ೨೦೧೪ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟುಕೊಟ್ಟ ಮೇಲೆ ಈ ಲೆಕ್ಕದ ಹಿಂದಿನ ಬಿಗಿ ಸಡಿಲವಾಯಿತು.

ತಯಾರಕರೇ ಈ ದಾರಿಯನ್ನು ಮೊದಲು ತೋರಿಸಿದ್ದರೆಂಬುದನ್ನೂ ಮರೆಯಬಾರದು. ೧೯೬೦ರ ದಶಕದಲ್ಲಿ ಅಮೆರಿಕದ ಕಾರ್ಖಾನೆಯೇ ಸಿಜೆ-೫ ಜೀಪನ್ನು ಪರ್ಕಿನ್ಸ್ ಡೀಸೆಲ್ ಎಂಜಿನಿನೊಡನೆ ಬೇಕೆಂದವರಿಗೆ ಒದಗಿಸುತ್ತಿತ್ತು. ಆ ಎಂಜಿನಿನ ಗಾತ್ರ ೧೯೨ ಘನ ಅಂಗುಲ, ಶಕ್ತಿ ೬೨ ಅಶ್ವಬಲ. ಭಾರತದಲ್ಲಿ ಮಹೀಂದ್ರ ಕಂಪೆನಿಯು ೧೯೮೦ರ ದಶಕದಲ್ಲಿ ಫ್ರಾನ್ಸಿನ ಪೂಜೋ ಕಂಪೆನಿಯ ಅನುಮತಿಯಿಂದ ಮಾಡಿದ, ೨,೧೧೨ ಘನ ಸೆಂಟಿಮೀಟರಿನ ಎಕ್ಸ್‌ಡಿಪಿ ಡೀಸೆಲ್ ಎಂಜಿನನ್ನು ತನ್ನ ಜೀಪುಗಳಿಗೆ ಅಳವಡಿಸಿತು. ಹೊಸ ಜೀಪಿಗೆ ಕಾರ್ಖಾನೆಯೇ ಡೀಸೆಲ್ ಕೂಡಿಸುವಾಗ, ಹಳೆಯ ಜೀಪಿನವನು ಅದನ್ನೇ ತನ್ನ ಊರಿನ ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಬಜಾಜ್ ಟೆಂಪೋ ಕಂಪೆನಿಯ ಮತಡೋರ್ ವ್ಯಾನಿನ ಡೀಸೆಲ್ ಎಂಜಿನು ಕೂಡ ಅಂಬಾಸಡರ್ ಕಾರುಗಳಿಗೂ ಜೀಪುಗಳಿಗೂ ಹೀಗೆಯೇ ಸಂದಿತು.

ಎರಡು ಎಂಜಿನುಗಳ ಸ್ವಭಾವಭೇದವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ವಿದ್ಯುತ್ತಿನ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅತಿಯಾಗಿ ಒತ್ತಿದಾಗ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸುತ್ತದೆ. ಹಳೆಯ ಜೀಪಿನ ಪೆಟ್ರೋಲ್ ಎಂಜಿನು ಗಾಳಿಯನ್ನು ಏಳರಲ್ಲೊಂದು ಭಾಗಕ್ಕೆ ಒತ್ತಿದರೆ, ಇಂಥ ಡೀಸೆಲ್ ಎಂಜಿನು ಇಪ್ಪತ್ತರಲ್ಲೊಂದು ಭಾಗದ ಆಸುಪಾಸಿಗೆ ಒತ್ತುತ್ತದೆ. ಇದರಿಂದ ಮೂರು ಫಲಗಳುಂಟಾಗುತ್ತವೆ. ಮೊದಲನೆಯದಾಗಿ, ಕಡಿಮೆ ಸುತ್ತುಗಳಲ್ಲಿಯೇ ಎಳೆಯುವ ಬಲ ಹೆಚ್ಚು; ಕಡಿದಾದ ಏರಿಗೆ ಇದು ಅನುಕೂಲ. ಎರಡನೆಯದಾಗಿ, ಕಿಡಿಯ ತಂತಿಗಳಿಲ್ಲದಿರುವುದರಿಂದ, ಗಾಳಿ ಒಳಸೇರುವ ಬಾಯಿಗೆ ನೀರು ನುಗ್ಗದಿದ್ದರೆ ಹೊಳೆ ದಾಟುವಾಗ ಎಂಜಿನು ಆರಿಹೋಗುವ ಭಯ ಕಡಿಮೆ. ಮೂರನೆಯದು ಅನನುಕೂಲ: ಒತ್ತಡವನ್ನು ತಾಳಲು ಎಂಜಿನು ದಪ್ಪವಾಗಬೇಕು, ಭಾರವಾಗಬೇಕು, ಅದರ ನಡುಕವೂ ಹೆಚ್ಚು.

೬

ಇನ್ನು ಕೆಲಸದ ಕ್ರಮ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಹಳೆಯ ಜೀಪು ವರ್ಕ್‌ಶಾಪಿಗೆ ಬಂದಾಗ ಮೊದಲು ಎದುರಾಗುವ ಶತ್ರು ತುಕ್ಕು. ಉಪ್ಪುಗಾಳಿ ಮತ್ತು ಆರು ತಿಂಗಳ ತೇವ ಸೇರಿ ತಗಡಿನ ಮೈಯನ್ನು ಒಳಗಿನಿಂದ ತಿನ್ನುತ್ತವೆ. ಚಾಲಕನ ಕಾಲಡಿಯ ನೆಲ, ಚಕ್ರದ ಮೇಲಣ ಅಂಚು, ಚಾಸಿಯ ಒಳಮಡಿಕೆಗಳು ಮೊದಲು ಹೋಗುತ್ತವೆ. ಬಣ್ಣದ ಮೇಲೆ ಬಣ್ಣ ಬಳಿದಿರುವುದರಿಂದ ಹಾನಿ ಹೊರಗೆ ಕಾಣದು. ಸುತ್ತಿಗೆಯಿಂದ ಮೆಲ್ಲನೆ ಬಡಿದು ಶಬ್ದಭೇದದಿಂದ ಅರಿಯಬೇಕು. ಮೈಕಟ್ಟನ್ನು ಬಿಚ್ಚಿ ಚಾಸಿಯಿಂದ ಬೇರ್ಪಡಿಸಿ, ಚಾಸಿ ನೆಟ್ಟಗಿದೆಯೇ ಎಂದು ಮೂಲೆಯಿಂದ ಮೂಲೆಗೆ ಅಳೆದು ನೋಡುತ್ತಾರೆ. ಎರಡು ಕರ್ಣಗಳು ಸಮನಾಗಿರದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಎಂಜಿನನ್ನು ಕೂಡಿಸುವಲ್ಲಿ ಮುಖ್ಯವಾದ ತೊಡಕು, ಹೊಸ ಎಂಜಿನಿನ ಹಿಂಬದಿಗೂ ಹಳೆಯ ಗೇರುಪೆಟ್ಟಿಗೆಯ ಮುಂಬದಿಗೂ ಹೊಂದಿಕೆಯಿಲ್ಲದಿರುವುದು. ಬೋಲ್ಟುಗಳ ತೂತುಗಳು ಬೇರೆ, ನಡುಗೂಟದ ಉದ್ದ ಬೇರೆ. ಇವೆರಡರ ನಡುವೆ ದಪ್ಪನೆಯ ಉಕ್ಕಿನ ಹಲಗೆಯೊಂದನ್ನು ಕೊರೆದು ಕೂಡಿಸುತ್ತಾರೆ. ಎರಡು ಅಕ್ಷಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು; ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಸವೆದು ಕ್ಲಚ್ಚು ಕೆಡುತ್ತದೆ. ಲೇತಿನ ಕೆಲಸಗಾರನ ಯೋಗ್ಯತೆ ತಿಳಿಯುವುದು ಇಲ್ಲಿ. ಅನಂತರ ಎಂಜಿನನ್ನು ಹೊರುವ ಆಸರೆಗಳು, ಹೆಚ್ಚು ಶಾಖವನ್ನು ಕಳೆಯಬಲ್ಲ ರೇಡಿಯೇಟರು, ಡೀಸೆಲನ್ನು ಚಾಲನೆ ಮಾಡಬಲ್ಲ ಬಲವಾದ ಬ್ಯಾಟರಿ ಇವು ಬೇಕಾಗುತ್ತವೆ. ಯುದ್ಧಕಾಲದ ಜೀಪಿನ ವಿದ್ಯುತ್ ವ್ಯವಸ್ಥೆ ಕೇವಲ ೬ ವೋಲ್ಟಿನದು. ಅದನ್ನು ೧೨ ವೋಲ್ಟಿಗೆ ಏರಿಸದೆ ಗತಿಯಿಲ್ಲ. ಮತ್ತೊಂದು ಸೂಕ್ಷ್ಮವುಂಟು. ಪೆಟ್ರೋಲ್ ಎಂಜಿನು ಗಾಳಿಯನ್ನೆಳೆಯುವಾಗ ಅದರ ಕೊಳವೆಯಲ್ಲಿ ನಿರ್ವಾತ ಉಂಟಾಗುತ್ತದೆ. ಬ್ರೇಕಿಗೆ ಬಲಕೊಡುವ ಸಾಧನ ಆ ನಿರ್ವಾತದಿಂದ ನಡೆಯುತ್ತದೆ. ಡೀಸೆಲಿನಲ್ಲಿ ಅದು ದೊರೆಯದ ಕಾರಣ ನಿರ್ವಾತದ ಪಂಪನ್ನು ಬೇರೆಯಾಗಿ ಕೂಡಿಸಬೇಕು.

ಹಲ್ಲುಚಕ್ರಗಳ ಪ್ರಮಾಣವೂ ವಿಚಾರಾರ್ಹವೇ. ಸಿಜೆ-೩ಬಿ ಜೀಪಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಅಚ್ಚಿಗೆ ಬರುವ ದಂಡ ೫.೩೮ ಸುತ್ತು ತಿರುಗಬೇಕು. ಅದರ ಟೈರು ಒಂದು ಸುತ್ತಿಗೆ ಸುಮಾರು ೨.೨ ಮೀಟರು ಸಾಗುತ್ತದೆ. ಗಂಟೆಗೆ ೬೦ ಕಿಲೋಮೀಟರೆಂದರೆ ನಿಮಿಷಕ್ಕೆ ೧,೦೦೦ ಮೀಟರು, ಎಂದರೆ ಚಕ್ರಕ್ಕೆ ಸುಮಾರು ೪೫೫ ಸುತ್ತು. ಮೇಲಿನ ಗೇರಿನಲ್ಲಿ ಎಂಜಿನಿಗೆ ಸುಮಾರು ೨,೪೫೦ ಸುತ್ತು. ನಿಧಾನವಾಗಿ ತಿರುಗುವ ಡೀಸೆಲಿಗೆ ಇದು ಬಳಲಿಕೆಯ ವೇಗ. ಪ್ರಮಾಣವನ್ನು ಯುದ್ಧಕಾಲದ ಜೀಪಿನ ೪.೮೮ಕ್ಕೆ ಇಳಿಸಿದರೆ ಅದೇ ವೇಗಕ್ಕೆ ಸುಮಾರು ೨,೨೦೦ ಸುತ್ತು ಸಾಕು. ಹೀಗೆ ಎಂಜಿನನ್ನು ಬದಲಿಸಿದವನು ಅಚ್ಚನ್ನೂ ಬದಲಿಸಬೇಕಾಗುತ್ತದೆ; ವೇಗ ಹೆಚ್ಚಿದರೆ ಒಂಬತ್ತು ಅಂಗುಲದ ಹಳೆಯ ಬ್ರೇಕು ಡ್ರಮ್ಮುಗಳು ಸಾಲದಾಗುತ್ತವೆ. ಒಂದು ತೇಪೆ ಮತ್ತೊಂದು ತೇಪೆಯನ್ನು ಬೇಡುತ್ತದೆ. ಈ ಸರಪಳಿಯನ್ನು ಕಡೆಯ ಕೊಂಡಿಯ ವರೆಗೆ ಅನುಸರಿಸಿದ ಜೀಪು ನಂಬಿಕೆಗೆ ಅರ್ಹ. ನಡುವೆ ಕೈಬಿಟ್ಟ ಜೀಪು ಅಪಾಯಕರ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ ಎಂಬುದೇ ಮುಂದೆ ಹೇಳುವ ಕಾಯಿದೆಯ ತೊಡಕಿಗೆ ಬೀಜ.

೭

೧೯೩೯ರ ಮೋಟಾರು ವಾಹನ ಅಧಿನಿಯಮದ ೩೨ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ಸುಳ್ಳಾಗುವಂತೆ ವಾಹನವನ್ನು ಮಾರ್ಪಡಿಸಬೇಕಾದರೆ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತ್ತು. ೧೯೮೮ರ ಅಧಿನಿಯಮದ ೫೨ನೆಯ ಪ್ರಕರಣವೂ ಮೊದಲು ಇದೇ ಧೋರಣೆಯನ್ನು ತಾಳಿತ್ತು. ಎಂದರೆ ತಿಳಿಸಿ, ತೋರಿಸಿ, ಬರೆಸಿಕೊಂಡರೆ ಬದಲಾವಣೆ ಸಾಧ್ಯವಿತ್ತು. ೨೦೦೦ದ ತಿದ್ದುಪಡಿ ಈ ಧೋರಣೆಯನ್ನು ತಲೆಕೆಳಗು ಮಾಡಿತು. ತಯಾರಕನು ಮೂಲದಲ್ಲಿ ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಯಾರೂ ವಾಹನವನ್ನು ಮಾರ್ಪಡಿಸಕೂಡದೆಂಬುದು ಹೊಸ ವಿಧಿ. ಅನಿಲ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಸಾಧನವನ್ನು ಕೂಡಿಸುವುದಕ್ಕೆ ಮಾತ್ರ ಷರತ್ತುಗಳೊಡನೆ ಅವಕಾಶ ಉಳಿಯಿತು. ಮೊದಲಿನ ಕಾಯಿದೆಗೆ ಅಳತೆಗೋಲು ನೋಂದಣಿ ಪುಸ್ತಕ, ಎರಡನೆಯದಕ್ಕೆ ಕಾರ್ಖಾನೆ.

ಈ ವಿಧಿಯ ಅರ್ಥನಿರ್ಣಯವಾದುದು ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ. ಕೇರಳದ ಉಚ್ಚ ನ್ಯಾಯಾಲಯವು ವಾಹನದ ಒಡೆಯರಿಗೆ ಅನುಕೂಲವಾಗಿ ಕೊಟ್ಟಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿ ೯ರಂದು ತಳ್ಳಿಹಾಕಿತು. ಮೂಲ ನಿರ್ದೇಶಕ್ಕೆ ವ್ಯತ್ಯಸ್ತವಾದ ಮಾರ್ಪಾಡು ಸಲ್ಲದೆಂದೂ, ರಾಜ್ಯದ ನಿಯಮಗಳು ಅಧಿನಿಯಮಕ್ಕೆ ಅಧೀನವೆಂದೂ ಅದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಒಡೆಯನು ಆರು ತಿಂಗಳ ವರೆಗಿನ ಸೆರೆವಾಸಕ್ಕಾಗಲಿ, ಒಂದೊಂದು ಮಾರ್ಪಾಡಿಗೆ ೫,೦೦೦ ರೂಪಾಯಿ ದಂಡಕ್ಕಾಗಲಿ, ಎರಡಕ್ಕೂ ಆಗಲಿ ಗುರಿಯಾಗತಕ್ಕದ್ದೆಂದು ವಿಧಿಸಿತು.

ಈ ತೀರ್ಪಿಗೆ ಐದು ತಿಂಗಳ ಹಿಂದೆ, ೨೦೧೮ರ ಆಗಸ್ಟಿನಲ್ಲಿ, ಕೇರಳ ಮಹಾಪ್ರವಾಹದಲ್ಲಿ ಮುಳುಗಿತ್ತು. ಆಗ ಮೀನುಗಾರರ ದೋಣಿಗಳೊಡನೆ, ಎತ್ತರಿಸಿದ ಜೀಪುಗಳೂ ನೀರಿಗಿಳಿದು ಜನರನ್ನು ದಡ ಸೇರಿಸಿದವು. ಗಾಳಿಯ ಕೊಳವೆಯನ್ನು ಮಾಡಿನ ಮಟ್ಟಕ್ಕೆ ಏರಿಸಿಕೊಂಡಿದ್ದ ವಾಹನಗಳು ಅವು. ಆಗಸ್ಟಿನಲ್ಲಿ ಉಪಕಾರವೆನಿಸಿದ ಮಾರ್ಪಾಡು ಜನವರಿಯಲ್ಲಿ ಅಪರಾಧವೆನಿಸಿತೆಂದು ಕೆಲವರು ನೊಂದುಕೊಂಡುದು ಸಹಜ. ಆದರೆ ಕಾಯಿದೆಯ ಪಕ್ಷವೂ ದುರ್ಬಲವಾದುದಲ್ಲ. ಸಾರ್ವಜನಿಕ ರಸ್ತೆಯಲ್ಲಿ ಎದುರಿಗೆ ಬರುವ ವಾಹನದ ಬ್ರೇಕಿನ ಸಾಮರ್ಥ್ಯ ಅದರ ಭಾರಕ್ಕೂ ವೇಗಕ್ಕೂ ತಕ್ಕುದಾಗಿದೆ ಎಂಬ ಭರವಸೆ ದಾರಿಹೋಕನಿಗೆ ಬೇಕು. ಕಾರ್ಖಾನೆಯಲ್ಲಿ ಆ ಪರೀಕ್ಷೆ ನಡೆದಿರುತ್ತದೆ. ವರ್ಕ್‌ಶಾಪಿನಲ್ಲಿ ನಡೆದಿದೆಯೆಂಬುದಕ್ಕೆ ಮೆಕ್ಯಾನಿಕನ ಮಾತಲ್ಲದೆ ಬೇರೆ ಪ್ರಮಾಣವಿಲ್ಲ. ಮೇಲಾಗಿ, ವಾಹನದ ಗುರುತು ನಿಂತಿರುವುದು ಚಾಸಿ ಸಂಖ್ಯೆ ಮತ್ತು ಎಂಜಿನು ಸಂಖ್ಯೆ ಎಂಬ ಎರಡು ಕಂಬಗಳ ಮೇಲೆ. ಸಾಲಕ್ಕೆ ಆಧಾರವಾಗಿ ವಾಹನವನ್ನು ಬರೆಸಿಕೊಂಡವರ ಪತ್ರವೂ, ವಿಮೆಯ ಪತ್ರವೂ ಇವನ್ನೇ ನಂಬಿರುತ್ತವೆ. ಒಂದು ಕಂಬ ಸದ್ದಿಲ್ಲದೆ ಬದಲಾದರೆ ಪತ್ರದಲ್ಲಿರುವ ವಾಹನವೇ ಬೇರೆ, ಬಾಗಿಲಲ್ಲಿ ನಿಂತ ವಾಹನವೇ ಬೇರೆ ಎಂದಾಗುತ್ತದೆ. ಕಳವಾದ ಎಂಜಿನುಗಳಿಗೂ ದಾರಿ ತೆರೆದಂತಾಗುತ್ತದೆ.

೮

ಈ ಎರಡು ಪಕ್ಷಗಳ ನಡುವೆ ಚರಿತ್ರಕಾರನ ಪಾಲಿಗೆ ಉಳಿಯುವ ಪ್ರಶ್ನೆ ಬೇರೆಯದು. ಕಾಯಿದೆಯು ಇಂದಿನ ರಸ್ತೆಗೆ ಸಂಬಂಧಿಸಿದುದು, ಅದನ್ನು ಪಾಲಿಸತಕ್ಕದ್ದೇ. ಆದರೆ ೨೦೨೧ರ ನಿಯಮವು ‘ಮೂಲರೂಪ’ವೆಂಬ ಮಾತನ್ನು ಬಳಸುವಾಗ ಕಾಲಗಣನೆಯ ಒಂದು ಸಂಗತಿ ಅದರ ಗಮನದಿಂದ ಜಾರಿದಂತೆ ತೋರುತ್ತದೆ. ೨೦೦೦ಕ್ಕೆ ಹಿಂದೆ ಅಧಿಕಾರಿಯ ಒಪ್ಪಿಗೆ ಪಡೆದು, ನೋಂದಣಿ ಪುಸ್ತಕದಲ್ಲಿ ಬರೆಸಿ, ಡೀಸೆಲ್ ಎಂಜಿನನ್ನು ಕೂಡಿಸಿಕೊಂಡ ಜೀಪು ಕಾಯಿದೆಯನ್ನು ಮೀರಿದುದಲ್ಲ. ಹುಟ್ಟುವಾಗಿನ ಎಂಜಿನಿನೊಡನೆ ಅದು ಕಳೆದುದು ಕೆಲವು ವರ್ಷ; ಎರಡನೆಯ ಎಂಜಿನಿನೊಡನೆ ದುಡಿದುದು ದಶಕಗಳು. ಈಗ ‘ವಿಂಟೇಜ್’ ಮಾನ್ಯತೆಗಾಗಿ ಆ ಡೀಸೆಲನ್ನು ಕಿತ್ತು, ಎಲ್ಲಿಂದಲೋ ತಂದ ಪೆಟ್ರೋಲ್ ಎಂಜಿನನ್ನು ಕೂಡಿಸಿದರೆ ಅದು ಮೂಲಕ್ಕೆ ಮರಳಿತೆಂದು ಹೇಳಬಹುದೇ? ಆ ಪೆಟ್ರೋಲ್ ಎಂಜಿನೂ ಅನ್ಯ ಜೀಪಿನದೇ. ಹೊಸ ಬಣ್ಣ ಬಳಿದುಕೊಂಡು ಪ್ರದರ್ಶನಕ್ಕೆ ನಿಂತ ಆ ವಾಹನ, ತಾನು ಬಾಳಿದ ಬಾಳನ್ನು ಅಳಿಸಿಕೊಂಡ ವಾಹನವಾಗುತ್ತದೆ.

ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಇದಕ್ಕೆ ಒಂದು ಉಪಾಯವುಂಟು. ಕವಿಯ ಮೂಲಪಾಠವನ್ನು ಊಹಿಸಿ ಮೇಲೆ ಅಚ್ಚುಹಾಕಿದರೂ, ಕಾಲಕಾಲಕ್ಕೆ ಲಿಪಿಕಾರರು ಮಾಡಿದ ಬದಲಾವಣೆಗಳನ್ನು ಪಾಠಾಂತರಗಳೆಂದು ಅಡಿಯಲ್ಲಿ ದಾಖಲಿಸುತ್ತಾರೆ. ಅವುಗಳಲ್ಲಿ ಕೆಲವು ಪ್ರಮಾದ, ಕೆಲವು ವಿವೇಕ. ಎರಡೂ ಗ್ರಂಥದ ಚರಿತ್ರೆಯೇ. ವಾಹನದ 'ಅಡಿಟಿಪ್ಪಣಿ' ಅದರ ನೋಂದಣಿ ಪುಸ್ತಕ. ಹಳೆಯ ಕಾಗದದ ಪುಸ್ತಕಗಳಲ್ಲಿ ಒಡೆಯರ ಹೆಸರುಗಳು, ಸಾಲದ ನಮೂದುಗಳು, ಎಂಜಿನು ಬದಲಾದುದಕ್ಕೆ ಅಧಿಕಾರಿಯ ಮೊಹರು, ತಾರೀಖು ಇವೆಲ್ಲ ಒಂದರ ಕೆಳಗೊಂದು ಇರುತ್ತಿದ್ದವು. ಈಗ ಆ ವಿವರ ಒಂದು ಸಣ್ಣ ಕಾರ್ಡಿನಲ್ಲಿ, ಅಥವಾ ಗಣಕಯಂತ್ರದ ಒಂದು ಸಾಲಿನಲ್ಲಿ ಅಡಕವಾಗಿದೆ. ಇಂದಿನ ಸ್ಥಿತಿಯನ್ನು ಆ ಸಾಲು ಹೇಳುತ್ತದೆ. ಅಲ್ಲಿಗೆ ಬಂದ ದಾರಿಯನ್ನು ಹೇಳುವುದು ಹಳೆಯ ಪುಸ್ತಕವೇ. ಹಳೆಯ ಜೀಪನ್ನು ಕೊಳ್ಳುವವರೂ ಮಾರುವವರೂ ಆ ಪುಸ್ತಕವನ್ನು ರದ್ದಿಗೆ ಹಾಕದೆ ಉಳಿಸುವುದು, ಬಿಚ್ಚಿದ ಎಂಜಿನಿನ ಸಂಖ್ಯೆಯನ್ನೂ ಬದಲಾಯಿಸಿದ ವರ್ಷವನ್ನೂ ಬರೆದಿಡುವುದು ಅತ್ಯವಶ್ಯಕ. ಇದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.

ಇನ್ನೊಂದು ಕಾರಣಕ್ಕೂ ಈ ಕೆಲಸ ತ್ವರಿತವಾಗಿ ನಡೆಯಬೇಕಾಗಿದೆ. ಉಕ್ಕಿನ ಹಲಗೆಯನ್ನು ಕೊರೆದು ಎರಡು ಅಪರಿಚಿತ ಯಂತ್ರಗಳನ್ನು ಒಂದೇ ಗೆರೆಗೆ ತಂದ ಲೇತಿನ ಕೆಲಸಗಾರರ ವಿದ್ಯೆ ಪುಸ್ತಕದಲ್ಲಿಲ್ಲ. ಗುರುವಿನ ಕೈಯಿಂದ ಹುಡುಗನ ಕೈಗೆ ಅದು ಬಂದಿತು. ಕಾಯಿದೆ ಬಿಗಿಯಾದ ಮೇಲೆ ಆ ವಿದ್ಯೆಗೆ ಗಿರಾಕಿಗಳು ಕಡಿಮೆ. ಬ್ಯಾಟರಿಯ ಯುಗದಲ್ಲಿ ಇನ್ನೂ ಕಡಿಮೆಯಾಗುವರು. ಕೊಚ್ಚಿ, ತಿರುವನಂತಪುರಗಳಲ್ಲಿಯೂ, ನಮ್ಮ ಮಡಿಕೇರಿ, ಪುತ್ತೂರು, ಸಕಲೇಶಪುರಗಳಲ್ಲಿಯೂ ಈ ಕೆಲಸ ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳದಿದ್ದರೆ, ಮುಂದೆ ಉಳಿಯುವುದು ಬಣ್ಣ ಬಳಿದ ಜೀಪುಗಳು ಮಾತ್ರ. ಶಿಲ್ಪಿಯ ಹೆಸರಿಲ್ಲದ ಗುಡಿಗಳನ್ನು ಕಂಡು ಮರುಗುವ ಕಾಲ ಇನ್ನೊಮ್ಮೆ ಬರಬಾರದು.